ಪರಿಹಾರ ನಿಧಿಗಾಗಿ ಕಥಾಸಂಕಲನ ತರುವುದು ಹೇಗೆ? ಶುರುವಿನಿಂದ ಲೆಕ್ಕ ಒಪ್ಪಿಸುವವರೆಗೆ

ರಾಜ್ಯದಲ್ಲೋ ಪಕ್ಕದಲ್ಲೋ ಎಲ್ಲಾದರೂ ನೆರೆ ಬಂತು, ಗುಡ್ಡ ಕುಸಿಯಿತು ಅಂದರೆ ನಮ್ಮ ತುಮಕೂರಿನ ಕಥೆಗಾರರಿಂದ ಒಂದೇ ಪ್ರಶ್ನೆ ಬರುತ್ತದೆ. ‘ನಾವೆಲ್ಲ ಒಂದೊಂದು ಕಥೆ ಕೊಟ್ಟು ಪುಸ್ತಕ ಮಾಡಿ, ಬಂದ ಹಣ ಸಂತ್ರಸ್ತರಿಗೆ ಕಳಿಸೋಣವಾ? ಹೇಗೆ ಮಾಡೋದು?’ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದಾಗ, 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗ ಇದೇ ಮಾತು ಬಂದಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಗೆಳೆಯರೂ ಕೇಳುತ್ತಲೇ ಇರುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಇಂಥ ಪುಸ್ತಕದಲ್ಲಿ ಕಥೆ ಹೊಂದಿಸುವುದು ಕಷ್ಟದ ಕೆಲಸ ಅಲ್ಲ. ನಮ್ಮಲ್ಲಿ ಬರೆಯುವವರಿಗೆ ಕೊರತೆಯಿಲ್ಲ, ಕೊಡುವ ಮನಸ್ಸಿಗೂ ಕೊರತೆಯಿಲ್ಲ. ಎಡವುವುದು ಹಣದ ವಿಷಯದಲ್ಲಿ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಯಾರ ಖಾತೆಗೆ ಬರುತ್ತದೆ ಅನ್ನುವುದನ್ನು ಪುಸ್ತಕಕ್ಕೆ ಹೆಸರಿಡುವ ಮೊದಲೇ ಬರೆದುಕೊಳ್ಳಬೇಕು. ಆದ್ದರಿಂದ ಈ ಲೇಖನದಲ್ಲಿ ಕಥೆಗಿಂತ ಲೆಕ್ಕದ ಮಾತೇ ಜಾಸ್ತಿ ಇದೆ.

ಹಂತ 1: ಹಣ ಯಾವ ಕೆಲಸಕ್ಕೆ ಅಂತ ತೀರ್ಮಾನಿಸಿ

ಪುಸ್ತಕದ ಹಣ ತಡವಾಗಿ ಬರುತ್ತದೆ. ಇದನ್ನು ಮೊದಲು ಒಪ್ಪಿಕೊಳ್ಳಿ. ನೆರೆ ಬಂದ ವಾರದಲ್ಲಿ ಬೇಕಾಗುವುದು ಅನ್ನ, ಹೊದಿಕೆ, ಔಷಧಿ. ನಿಮ್ಮ ಪುಸ್ತಕ ಎಷ್ಟೇ ಬೇಗ ಅಂದರೂ ಮೂರು ತಿಂಗಳು ಹಿಡಿಯುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ಸಂತ್ರಸ್ತರಿಗಾಗಿ ಇಂಗ್ಲಿಷಿನ ವೈಜ್ಞಾನಿಕ ಕಥೆಗಾರರು ಸೇರಿ ಒಂದು ಸಂಕಲನ ತಂದರು. ಅದು ಓದುಗರ ಕೈಗೆ ಬಂದದ್ದು 2006ರಲ್ಲಿ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ ಆದಾಗ ಟ್ವಿಟರ್‌ನಲ್ಲಿ ಬರಹ ಕೇಳಿ, ಒಂದೇ ವಾರದಲ್ಲಿ ಸೇರಿಸಿ, ಇ-ಪುಸ್ತಕ ಮಾಡಿ ಅಲ್ಲಿನ ರೆಡ್‌ಕ್ರಾಸ್‌ಗೆ ಹಣ ಕೊಟ್ಟವರೂ ಇದ್ದಾರೆ. ಆದರೆ ಅದು ಮುಖ್ಯವಾಗಿ ಕಂಡದ್ದನ್ನು ಕಂಡಹಾಗೆ ಬರೆದ ಪುಸ್ತಕ. ಕಥೆ ತಿದ್ದಬೇಕು, ಅಚ್ಚು ಹಾಕಬೇಕು, ಮಾರಬೇಕು ಅಂದರೆ ಆ ವೇಗ ಸಾಧ್ಯವಿಲ್ಲ.

ಹಾಗಾದರೆ ತಡವಾಗಿ ಬಂದರೂ ಉಪಯೋಗವಾಗುವ ಕೆಲಸ ಯಾವುದು? ನೆನೆದು ಹಾಳಾದ ಶಾಲೆಯ ಪುಸ್ತಕಗಳು, ಹಳ್ಳಿಯ ಗ್ರಂಥಾಲಯ, ಹೊಲಿಗೆ ಯಂತ್ರ, ಮುಂದಿನ ಬಿತ್ತನೆಗೆ ಬೀಜ. ಟಿವಿಯವರು ಹೊರಟುಹೋದ ಮೇಲೂ ಉಳಿಯುವ ಕಷ್ಟಗಳು ಇವು. ನನ್ನ ಸಲಹೆ ಇಂಥದ್ದನ್ನೇ ಆರಿಸಿ ಅಂತ.

ಇನ್ನೊಂದು. ವಿಪತ್ತು ಅಂದರೆ ನೀರು ನುಗ್ಗುವುದು ಮಾತ್ರ ಅಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಯ್ಲಿಗೆ ಬಂದ ರಾಗಿ ಮಳೆಗೆ ಮಲಗಿ, ತೆನೆಯಲ್ಲೇ ಮೊಳಕೆ ಬಂತು. ಬರಕ್ಕೆ ಪುಸ್ತಕ ತರಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಯಾಕೆಂದರೆ ಬರದ್ದು ಅಂತ ತೋರಿಸಲು ಒಂದು ದಿನದ ಚಿತ್ರ ಇರುವುದಿಲ್ಲ. ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯ ಬರಹಗಾರರು ಇದನ್ನು ದಯವಿಟ್ಟು ಯೋಚಿಸಬೇಕು.

ಹಣ ತಲುಪಿಸಲು ಎರಡು ದಾರಿ. ಒಂದು, ಮುಖ್ಯಮಂತ್ರಿಗಳ ಪರಿಹಾರ ನಿಧಿ. ಇದರಲ್ಲಿ ತಕರಾರು ಕಡಿಮೆ, ರಸೀದಿ ಖಚಿತ. ಆದರೆ ನಿಮ್ಮ ಹಣ ಯಾವ ಊರಿಗೆ ಹೋಯಿತು ಅಂತ ಓದುಗರಿಗೆ ತೋರಿಸಲಾಗದು. ಇನ್ನೊಂದು, ಆ ಜಾಗದಲ್ಲೇ ಕೆಲಸ ಮಾಡುವ ನೋಂದಾಯಿತ ಸಂಸ್ಥೆ ಅಥವಾ ಶಾಲೆಯ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾ ಆಡಳಿತ ಸಮಿತಿ). ಇಲ್ಲಿ ಕೆಲಸ ಕಣ್ಣಿಗೆ ಕಾಣುತ್ತದೆ, ಆದರೆ ನೀವು ಒಂದು ಸಲ ಹೋಗಿ ನೋಡಿ ಬರಲೇಬೇಕು. ಯಾವುದೇ ಸಂಸ್ಥೆಯಾದರೂ ನೋಂದಣಿ ಪತ್ರ, ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ ಕೇಳಿ. ‘ನಮ್ಮ ಹೆಸರು ಬಳಸಲು ಒಪ್ಪಿಗೆಯಿದೆ’ ಅಂತ ಒಂದು ಪತ್ರವನ್ನೂ ತೆಗೆದುಕೊಳ್ಳಿ.

ಎಚ್ಚರಿಕೆ: ಸರ್ಕಾರದ ನಿಧಿಗೆ ಹಣ ಕೊಡುತ್ತೇವೆ ಅಂತ ಮುಖಪುಟದಲ್ಲಿ ರಾಜ್ಯದ ಗಂಡಭೇರುಂಡ ಲಾಂಛನ ಹಾಕಬೇಡಿ. ಸರ್ಕಾರಿ ಲಾಂಛನ, ಹೆಸರುಗಳ ದುರ್ಬಳಕೆ ತಡೆಯಲು 1950ರ ಕಾಯ್ದೆಯೇ ಇದೆ.

ಹಂತ 2: ಯಾರ ಹೆಸರಿನಲ್ಲಿ, ಯಾವ ಖಾತೆಯಲ್ಲಿ

ಒಬ್ಬರ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳಬೇಡಿ. ನೀವು ಎಷ್ಟೇ ನಂಬಿಕಸ್ಥರಾದರೂ ಬೇಡ. ತೆರಿಗೆ ಇಲಾಖೆಯ ಕಣ್ಣಿಗೆ ಅದು ನಿಮ್ಮ ಆದಾಯದಂತೆ ಕಾಣುತ್ತದೆ, ಊರಿನವರ ಬಾಯಿಗೂ ಅದೇ ಸಿಗುತ್ತದೆ.

ಸುಲಭದ ದಾರಿ ಅಂದರೆ ಈಗಾಗಲೇ ಇರುವ ಸಂಘದ ಆಸರೆ. ನಮ್ಮ ಮೂರೂ ಜಿಲ್ಲೆಗಳಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡ ಸಾಹಿತ್ಯ ಸಂಘ, ರಂಗತಂಡ, ಓದುಗರ ಬಳಗಗಳಿವೆ. ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುತ್ತಿರುವ ಒಂದನ್ನು ಹುಡುಕಿ. ಸಭೆ ಕರೆದು, ಈ ಪುಸ್ತಕಕ್ಕೆ ಬೇರೆ ಖಾತೆ ತೆರೆಯುತ್ತೇವೆ, ಇಂಥ ಇಬ್ಬರು ಸಹಿ ಮಾಡುತ್ತಾರೆ ಅಂತ ನಡವಳಿ ಪುಸ್ತಕದಲ್ಲಿ ಬರೆಸಿ. ಸಂಘದ ಹಳೆಯ ಖಾತೆಗೇ ಈ ಹಣ ಬೆರೆಸಿದರೆ ಆಮೇಲೆ ಬಿಡಿಸುವುದು ತುಂಬಾ ಕಷ್ಟ.

ಇಬ್ಬರ ಸಹಿ ಕಡ್ಡಾಯವಾದ ಖಾತೆಗೆ ಯುಪಿಐ ಸಿಗುವುದು ಸ್ವಲ್ಪ ತೊಡಕು. ಖಾತೆ ತೆರೆಯುವಾಗಲೇ, ಹಣ ಬರುವುದಕ್ಕೆ ಮಾತ್ರ ಒಂದು ಕ್ಯೂಆರ್ ಕೋಡ್ ಕೊಡುತ್ತೀರಾ ಅಂತ ಬ್ಯಾಂಕಿನಲ್ಲಿ ಕೇಳಿ. ಕೋಡ್ ಸ್ಕ್ಯಾನ್ ಮಾಡಿದಾಗ ಯಾವ ಹೆಸರು ಕಾಣುತ್ತದೆ ಅನ್ನುವುದನ್ನು ಪುಸ್ತಕದ ಪ್ರಕಟಣೆಯಲ್ಲೇ ಬರೆಯಿರಿ. ವಿಪತ್ತಿನ ಹೊತ್ತಿನಲ್ಲಿ ನಕಲಿ ಕೋಡ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಹೆಸರು ಗೊತ್ತಿದ್ದರೆ ಜನ ಮೋಸ ಹೋಗುವುದಿಲ್ಲ.

ಹೊರದೇಶದ ಹಣದ ವಿಷಯ. ಅಮೆರಿಕದಲ್ಲಿರುವ ಅಣ್ಣನೋ ಗೆಳತಿಯೋ ‘ಪುಸ್ತಕ ಬೇಡ, ಸುಮ್ನೆ ಐವತ್ತು ಸಾವಿರ ಹಾಕ್ತೀನಿ’ ಅನ್ನಬಹುದು. ಎಫ್‌ಸಿಆರ್‌ಎ ಅಂತ 2010ರ ಕಾಯ್ದೆಯಿದೆ. ಅದರಡಿ ನೋಂದಣಿ ಇಲ್ಲದ ಸಂಘ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಅಲ್ಲಿನ ಪೌರತ್ವ ಪಡೆದವರು ಹುಟ್ಟಿನಿಂದ ಕನ್ನಡಿಗರಾದರೂ ಕಾನೂನಿನ ಲೆಕ್ಕದಲ್ಲಿ ವಿದೇಶಿ ಮೂಲವೇ. ನಯವಾಗಿ ಬೇಡ ಅನ್ನಿ. ಪುಸ್ತಕ ಕೊಳ್ಳಲು ಇಲ್ಲಿರುವ ನೆಂಟರಿಗೆ ಹೇಳಲಿ.

ಹಂತ 3: ಲೆಕ್ಕ ಹಾಕಿ, ಆಮೇಲೆ ಮಾತು ಕೊಡಿ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ಮೊತ್ತಗಳು ಲೆಕ್ಕ ತಿಳಿಯಲು ಮಾತ್ರ, ನಿಮ್ಮ ಮುದ್ರಕರ ದರ ಬೇರೆ ಇರುತ್ತದೆ.

128 ಪುಟದ ಪುಸ್ತಕ, 500 ಪ್ರತಿ. ಕಾಗದ, ಮುದ್ರಣ, ಬೈಂಡಿಂಗ್‌ಗೆ 25,000 ರೂಪಾಯಿ. ಡಿಟಿಪಿಗೆ (ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ) 3,500. ಮುಖಪುಟ ವಿನ್ಯಾಸಕ್ಕೆ 1,500. ಒಟ್ಟು 30,000. ಬೆಲೆ 150 ರೂಪಾಯಿ ಇಟ್ಟಿರಿ ಅಂದುಕೊಳ್ಳಿ.

ಐನೂರೂ ನೇರವಾಗಿ ಮಾರಿದರೆ 75,000 ಬರುತ್ತದೆ, ಖರ್ಚು ಕಳೆದು 45,000 ಉಳಿಯುತ್ತದೆ. ಎಲ್ಲರೂ ಹಾಕುವ ಲೆಕ್ಕ ಇಷ್ಟೇ. ಈಗ ನಿಜ ಏನಾಗುತ್ತದೆ ನೋಡಿ. ಕಥೆಗಾರರಿಗೆ, ಮುನ್ನುಡಿ ಬರೆದವರಿಗೆ, ಅತಿಥಿಗಳಿಗೆ, ವಿಮರ್ಶೆಗೆ ಅಂತ 60 ಗೌರವ ಪ್ರತಿ ಹೋಯಿತು. ಉಳಿದ 440 ಪ್ರತಿ ಅಂಗಡಿಗಳ ಮೂಲಕ ಮಾರಿದಿರಿ. ಅಂಗಡಿಯ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 30ರಿಂದ 40. 35 ಅಂತಿಟ್ಟುಕೊಂಡರೂ ಒಂದು ಪ್ರತಿಗೆ ನಿಮಗೆ ಬರುವುದು 97 ರೂಪಾಯಿ 50 ಪೈಸೆ. ಎಲ್ಲ ಸೇರಿ 42,900. ಖರ್ಚು ಕಳೆದರೆ ಪರಿಹಾರಕ್ಕೆ 12,900. ಅದೂ ಎಲ್ಲ ಪ್ರತಿ ಮಾರಿದರೆ! ನೇರವಾಗಿಯೇ ಮಾರಿದರೂ 220 ಪ್ರತಿ ಮಾತ್ರ ಹೋದರೆ ಉಳಿಯುವುದು 3,000 ರೂಪಾಯಿ.

ಹನ್ನೆರಡು ಜನ ಕಥೆಗಾರರು ಮೂರು ತಿಂಗಳು ದುಡಿದು 3,000 ಕೊಡುವುದಾದರೆ, ಮೊದಲ ದಿನವೇ ತಲಾ ಐನೂರು ಹಾಕಿ 6,000 ಕಳಿಸಬಹುದಿತ್ತು ಅಲ್ವಾ? ಅದಕ್ಕೇ ಮೂರು ಕಟ್ಟುಪಾಡು ಹೇಳುತ್ತೇನೆ.

ಮೊದಲನೆಯದು, ಮುದ್ರಣದ ಖರ್ಚನ್ನು ಪುಸ್ತಕದ ಮಾರಾಟದಿಂದ ತೆಗೆಯಬೇಡಿ, ಮೊದಲೇ ಬೇರೆಯಾಗಿ ಹೊಂದಿಸಿ. ಕಥೆಗಾರರು ಒಂದಿಷ್ಟು, ಊರಿನ ಇಬ್ಬರು ಮೂವರು ದಾನಿಗಳು ಒಂದಿಷ್ಟು. ಕಾಗದದ ಹಣ ಕೊಡುತ್ತೇನೆ ಅನ್ನುವ ಅಂಗಡಿ ಮಾಲೀಕರು ನಮ್ಮ ತಾಲ್ಲೂಕುಗಳಲ್ಲೂ ಸಿಗುತ್ತಾರೆ, ಕೇಳಬೇಕು ಅಷ್ಟೇ. ಹಾಗಾದರೆ ಕೊಂಡ ಪ್ರತಿಯೊಬ್ಬರ 150 ರೂಪಾಯಿಯೂ ಪೂರ್ತಿ ಪರಿಹಾರಕ್ಕೆ ಹೋಗುತ್ತದೆ.

ಎರಡನೆಯದು, ಗೌರವ ಪ್ರತಿ ಬೇಡವೇ ಬೇಡ. ಕಥೆಗಾರರೂ ಕೊಂಡುಕೊಳ್ಳಲಿ. ಉದ್ಘಾಟಕರಿಗೂ ಇದನ್ನೇ ಮುಂಚೆ ಹೇಳಿ. ಉದ್ದೇಶ ಗೊತ್ತಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಹತ್ತು ಪ್ರತಿ ಜಾಸ್ತಿ ಕೊಳ್ಳುವವರೇ ಹೆಚ್ಚು. ಕಾನೂನಿನ ಪ್ರಕಾರ ಗ್ರಂಥಾಲಯಗಳಿಗೆ ಕೊಡಬೇಕಾದ ಪ್ರತಿಗಳಷ್ಟೇ ಇದಕ್ಕೆ ಹೊರತು.

ಮೂರನೆಯದು, ‘ಲಾಭವನ್ನು ಸಂತ್ರಸ್ತರಿಗೆ ಕೊಡಲಾಗುವುದು’ ಅಂತ ಬರೆಯಬೇಡಿ. ಲಾಭ ಎಷ್ಟು ಅಂತ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಮುದ್ರಣದ ಖರ್ಚು ಹೊಂದಿಸಿಕೊಂಡಿದ್ದರೆ ಹೀಗೆ ಬರೆಯಬಹುದು:

*‘ಈ ಪುಸ್ತಕದ ಮುದ್ರಣದ ಖರ್ಚನ್ನು ಬರಹಗಾರರೂ ದಾನಿಗಳೂ ಭರಿಸಿದ್ದಾರೆ. ನಮ್ಮಿಂದ ನೇರವಾಗಿ ಕೊಂಡ ಪ್ರತಿಯ ಪೂರ್ತಿ 150 ರೂ., ಅಂಗಡಿಯಲ್ಲಿ ಕೊಂಡ ಪ್ರತಿಯಲ್ಲಿ ಅಂಗಡಿಯ ಕಮಿಷನ್ ಕಳೆದು ಉಳಿದ ಹಣ, ____ ಕೆಲಸಕ್ಕೆ ಹೋಗುತ್ತದೆ. ____ ತಾರೀಖಿಗೆ ಮಾರಾಟ ಮುಗಿಸಿ ಲೆಕ್ಕ ಪ್ರಕಟಿಸುತ್ತೇವೆ.’*

ತೆರಿಗೆ ವಿನಾಯಿತಿ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ‘ಪುಸ್ತಕ ಕೊಂಡರೆ 80ಜಿ ಸಿಗುತ್ತಾ?’ ಅಂತ ಕೇಳುತ್ತಾರೆ. 80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ. ಪುಸ್ತಕ ಕೊಂಡವರು ಒಂದು ವಸ್ತು ಕೊಂಡಿದ್ದಾರೆ, ದೇಣಿಗೆ ಕೊಟ್ಟಿಲ್ಲ. ಸಿಗುವುದಿಲ್ಲ. ಅದು ಬೇಕಾದವರು ನೇರವಾಗಿ ನಿಧಿಗೇ ಕೊಡಲಿ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. ಮುದ್ರಕರು ತಮ್ಮ ಕೆಲಸಕ್ಕೆ ಹಾಕುವ ಜಿಎಸ್‌ಟಿ ಬೇರೆ. ಅದು ಅವರ ಕೊಟೇಶನ್‌ನಲ್ಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ.

ಹಂತ 4: ಕಥೆ ಕೇಳಿ, ಒಪ್ಪಿಗೆ ಪತ್ರ ಪಡೆಯಿರಿ

ಹನ್ನೆರಡು ಕಥೆ ಸಾಕು. ಒಂದೊಂದು 2,000 ಪದದೊಳಗೆ ಇರಲಿ. ಊರಿನ ಎಲ್ಲರ ಕಥೆ ಸೇರಿಸಿ 300 ಪುಟ ಮಾಡಿದರೆ ಬೆಲೆ ಏರುತ್ತದೆ, ಕೊಳ್ಳುವವರು ಇಳಿಯುತ್ತಾರೆ. ‘ಪರಿಹಾರದ ಪುಸ್ತಕ ಅಲ್ವಾ, ಹೇಗಿದ್ದರೂ ನಡೆಯುತ್ತದೆ’ ಅನ್ನುವ ಮಾತಿಗೆ ಒಪ್ಪಬೇಡಿ. 150 ರೂಪಾಯಿ ಕೊಟ್ಟವರಿಗೆ ಒಳ್ಳೆಯ ಓದು ಸಿಗಬೇಕು. ಆಯ್ಕೆಗೆ ಕಥೆ ಕೊಡದ ಇಬ್ಬರನ್ನು ಕೂರಿಸಿ. ಕಥೆಯ ಮೇಲಿನ ಹೆಸರು ತೆಗೆದು ಅವರಿಗೆ ಓದಲು ಕೊಡಿ. ಬೇಡ ಅಂದವರಿಗೆ ಬೇಗ ತಿಳಿಸಿ.

ಕಥೆಗಳೆಲ್ಲ ನೆರೆ, ಬರದ ಬಗ್ಗೆಯೇ ಇರಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಹನ್ನೆರಡು ಕಥೆಯಲ್ಲೂ ಮನೆ ಬಿದ್ದರೆ ಓದುವವರು ಮೂರನೆಯದಕ್ಕೆ ಪುಸ್ತಕ ಮಡಚಿಡುತ್ತಾರೆ. ಒಂದೆರಡು ಇದ್ದರೆ ಸಾಕು. ಅಂಥ ಕಥೆ ಬರೆದವರು ನಿಜವಾದ ಸಂತ್ರಸ್ತರ ಹೆಸರು, ಊರು, ಸಾವಿನ ವಿವರ ಹಾಗೆಹಾಗೇ ತಂದಿದ್ದರೆ ಬದಲಿಸಲು ಹೇಳಿ. ಅವರ ಮನೆಯವರು ಈ ಪುಸ್ತಕ ಓದುತ್ತಾರೆ ಅಂತಲೇ ತಿಳಿದು ತಿದ್ದಿ.

ಈಗ ಹಕ್ಕುಸ್ವಾಮ್ಯ, ಅಂದರೆ ಬರೆದವರಿಗೆ ತಮ್ಮ ಬರಹದ ಮೇಲಿರುವ ಒಡೆತನ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಒಪ್ಪಿಗೆ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಕಾಯ್ದೆ ಎಣಿಸುತ್ತದೆ. ಎಲ್ಲಿಗೆ ಅನ್ವಯ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಎರಡನ್ನೂ ಬರೆಯಿರಿ. ಈ ಒಕ್ಕಣೆ ಸಾಕಾಗುತ್ತದೆ:

*‘____ ಎಂಬ ಕಥೆ ನನ್ನ ಸ್ವಂತ ರಚನೆ. ____ ಪರಿಹಾರಕ್ಕಾಗಿ ____ ಸಂಘ ತರುವ ಕಥಾಸಂಕಲನದಲ್ಲಿ ಇದನ್ನು ಕನ್ನಡದ ಮುದ್ರಿತ ಪುಸ್ತಕವಾಗಿ ಭಾರತದಲ್ಲಿ ಪ್ರಕಟಿಸಲು ಒಪ್ಪಿದ್ದೇನೆ. ಈ ಒಪ್ಪಿಗೆ ____ ತಾರೀಖಿನವರೆಗೆ ಮಾತ್ರ. ಅಷ್ಟರೊಳಗಿನ ಮರುಮುದ್ರಣಕ್ಕೂ ಇದು ಸಾಕು. ಸಂಭಾವನೆ ಬೇಡ. ಹಕ್ಕುಸ್ವಾಮ್ಯ ನನ್ನದೇ, ಕಥೆಯನ್ನು ಬೇರೆ ಕಡೆ ಪ್ರಕಟಿಸಲು ನಾನು ಸ್ವತಂತ್ರ.’* ಕೆಳಗೆ ಸಹಿ, ತಾರೀಖು.

ಇ-ಪುಸ್ತಕ, ಆಡಿಯೋ ಮಾಡುವ ಯೋಚನೆಯಿದ್ದರೆ ಅದನ್ನೂ ಈಗಲೇ ಸೇರಿಸಿ. ಆಮೇಲೆ ಹನ್ನೆರಡು ಜನರನ್ನು ಹುಡುಕಿಕೊಂಡು ಹೋಗುವುದು ಆಗದ ಮಾತು.

ಕಥೆ ಮೊದಲೇ ಪತ್ರಿಕೆಯಲ್ಲಿ ಬಂದಿದ್ದರೆ, ಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದರೆ ಆ ಪತ್ರಿಕೆಯ ನಿಯಮ ನೋಡಿ. ಅನುವಾದವಾದರೆ ಮೂಲ ಲೇಖಕರದ್ದು, ಅನುವಾದಕರದ್ದು ಎರಡೂ ಒಪ್ಪಿಗೆ ಬೇಕು. ತೀರಿಕೊಂಡ ಹಿರಿಯರ ಕಥೆ ಹಾಕಬೇಕು ಅನ್ನುವ ಆಸೆ ಸಹಜ. ಆದರೆ ಹಕ್ಕುಸ್ವಾಮ್ಯ ಲೇಖಕರು ತೀರಿದ ಮೇಲೂ 60 ವರ್ಷ ಇರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ನಮ್ಮವರೇ ಅಂತ ಅವರ ಕಥೆ ಎತ್ತಿ ಹಾಕಿಕೊಳ್ಳುವ ಹಾಗಿಲ್ಲ. ಅವರು ತೀರಿಕೊಂಡದ್ದು 1986ರಲ್ಲಿ, ಹಕ್ಕು 2046ರ ಕೊನೆಯವರೆಗೂ ಇದೆ. ವಾರಸುದಾರರನ್ನು ಕೇಳಿ ಪತ್ರ ತನ್ನಿ.

ಮುಖಪುಟಕ್ಕೂ ಇದೇ ನಿಯಮ. ಇಂಟರ್ನೆಟ್‌ನಲ್ಲಿ ಸಿಕ್ಕ ನೆರೆಯ ಫೋಟೋ ಯಾರೋ ಪತ್ರಿಕಾ ಛಾಯಾಗ್ರಾಹಕರದ್ದು. ಅಳುತ್ತಿರುವವರ ಮುಖವನ್ನಂತೂ ಎಂದೂ ಹಾಕಬೇಡಿ. ನಮ್ಮ ಊರುಗಳಲ್ಲಿ ಚಿತ್ರಕಲಾ ಶಿಕ್ಷಕರಿದ್ದಾರೆ, ಅವರನ್ನು ಕೇಳಿ.

ಹಂತ 5: ಅಕ್ಷರ ಜೋಡಣೆ ಮತ್ತು ಕರಡು

ಕಥೆಗಳು ನಾಲ್ಕು ರೂಪದಲ್ಲಿ ಬರುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ, ‘ಬರಹ’ ತಂತ್ರಾಂಶದ ಅಕ್ಷರ, ಯೂನಿಕೋಡ್, ಕೊನೆಗೆ ಕೈಬರಹದ ಫೋಟೋ. ಯೂನಿಕೋಡ್ ಅಂದರೆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಅಕ್ಷರ ವ್ಯವಸ್ಥೆ. ‘ಯೂನಿಕೋಡ್‌ನಲ್ಲೇ ಕಳಿಸಿ’ ಅಂತ ಮೊದಲ ಪ್ರಕಟಣೆಯಲ್ಲೇ ಹೇಳಿ. ನಿಮ್ಮ ಡಿಟಿಪಿಯವರು ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ಹಳೆಯ ತಂತ್ರಾಂಶ ಬಳಸುತ್ತಿದ್ದರೆ ಅವರು ಅದನ್ನು ಮತ್ತೆ ಹಳೆಯ ಅಕ್ಷರಕ್ಕೆ ಬದಲಿಸುತ್ತಾರೆ. ತಪ್ಪುಗಳು ನುಗ್ಗುವುದು ಆಗಲೇ. ‘ಫೋನ್‌ನಲ್ಲಿ’ ಅನ್ನುವುದು ‘ಫೋನ್ನಲ್ಲಿ’ ಆಗುತ್ತದೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ‘ಕೃ’ದ ಸುಳಿ ಕಳಚುತ್ತದೆ. ಆದ್ದರಿಂದ ಬದಲಿಸಿದ ಮೇಲಿನ ಕರಡನ್ನು ಕಾಗದದ ಮೇಲೆ ತೆಗೆಸಿ, ಒಬ್ಬರು ಮೂಲ ಓದಲು ಇನ್ನೊಬ್ಬರು ತಿದ್ದಲು ಕೂರಿ. ತೆರೆಯ ಮೇಲೆ ಓದಿ ಮುಗಿಸಬೇಡಿ.

ಇಲ್ಲೊಂದು ವಿಷಯಕ್ಕೆ ನನಗೆ ತುಂಬಾ ಕಾಳಜಿ. ನಮ್ಮ ಕಡೆಯ ಕಥೆಗಳಲ್ಲಿ ‘ಅಳ್ಳಿ’, ‘ಓಗವ್ನೆ’, ‘ಬಂದವ್ರೆ’ ಬರುತ್ತವೆ. ಪಾವಗಡ, ಚಿಂತಾಮಣಿ, ಮುಳಬಾಗಿಲು ಕಡೆಯ ಮಾತಿನಲ್ಲಿ ತೆಲುಗು ಸೇರಿಕೊಂಡಿರುತ್ತದೆ. ಕರಡು ತಿದ್ದುವವರು ಒಳ್ಳೆಯ ಮನಸ್ಸಿನಿಂದಲೇ ಅವನ್ನೆಲ್ಲ ‘ಹಳ್ಳಿ’, ‘ಹೋಗಿದ್ದಾನೆ’ ಮಾಡಿಬಿಡುತ್ತಾರೆ. ಕಥೆಯ ಜೀವವೇ ಹೋಗುತ್ತದೆ. ಆಡುಮಾತಿಗೆ ಕೈಹಚ್ಚಬೇಡಿ ಅಂತ ಕರಡಿನ ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕೊಡಿ.

ಹಂತ 6: ಐಎಸ್‌ಬಿಎನ್ ಮತ್ತು ಮುದ್ರಣ

ಐಎಸ್‌ಬಿಎನ್ ಅಂದರೆ ಪ್ರತಿ ಪುಸ್ತಕಕ್ಕೆ ಸಿಗುವ 13 ಅಂಕಿಯ ಗುರುತು. ಭಾರತದಲ್ಲಿ ಇದನ್ನು ಕೊಡುವುದು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿದೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ‘ನಾನು ಮಾಡಿಸಿಕೊಡ್ತೀನಿ’ ಅಂತ ಹಣ ಕೇಳುವವರಿಗೆ ಕೊಡಬೇಡಿ. ಕಥೆ ಆಯ್ಕೆ ನಡೆಯುತ್ತಿರುವಾಗಲೇ ಅರ್ಜಿ ಹಾಕಿ, ಕಾಯಬೇಕಾಗುತ್ತದೆ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು.

ಮುದ್ರಣಕ್ಕೆ ಡೆಮಿ 1/8 ಅಳತೆ ಸಾಕು, ಅಂದರೆ ಮಾಮೂಲಿ ಕಥೆ ಕಾದಂಬರಿಗಳ ಗಾತ್ರ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಆಫ್‌ಸೆಟ್‌ನಲ್ಲಿ ಪುಟಗಳು 16ರ ಒಂದು ಫಾರಂ ಆಗಿ ಅಚ್ಚಾಗುತ್ತವೆ. 128 ಪುಟ ಅಂದರೆ ಸರಿಯಾಗಿ ಎಂಟು ಫಾರಂ. 131 ಪುಟ ಆದರೆ ಒಂಬತ್ತನೇ ಫಾರಂಗೂ ಹಣ ಕೊಟ್ಟು 13 ಪುಟ ಖಾಲಿ ಬಿಡಬೇಕು. ಎರಡು ಕಥೆಗಳಲ್ಲಿ ಕೊನೆಯ ಪುಟಕ್ಕೆ ಚಾಚಿದ ಒಂದೆರಡು ಸಾಲನ್ನು ಹಿಂದಿನ ಪುಟಕ್ಕೆ ಎಳೆದುಕೊಂಡರೆ, ಮುನ್ನುಡಿ ಒಂದು ಪುಟ ಕಡಿಮೆಯಾದರೆ ಆ ಮೂರು ಪುಟ ತಪ್ಪಿ ಅಷ್ಟೂ ಹಣ ಉಳಿಯುತ್ತದೆ. ಡಿಟಿಪಿಯವರ ಜೊತೆ ಒಂದು ಸಂಜೆ ಕೂತರೆ ಆಗುವ ಕೆಲಸ.

ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಸೇರಿ ಕನಿಷ್ಠ ಮೂರು ಕಡೆ ಲಿಖಿತ ಕೊಟೇಶನ್ ತೆಗೆದುಕೊಳ್ಳಿ. ಮೊದಲು 300 ಪ್ರತಿ ಹಾಕಿಸಿ, ಬೇಡಿಕೆ ಬಂದರೆ ಮತ್ತೆ ಹಾಕಿಸಬಹುದು. 1,000 ಹಾಕಿಸಿದರೆ ಒಂದಕ್ಕೆ ಕಡಿಮೆ ಬೀಳುತ್ತದೆ ಅಂತ ಮುದ್ರಕರು ಹೇಳುವುದು ನಿಜ. ಆದರೆ ಮಾರದೆ ಉಳಿದ ಪ್ರತಿಗೂ ಹಣ ಕೊಟ್ಟಿರುತ್ತೀರಿ.

ಪುಸ್ತಕ ಬಂದ 30 ದಿನದೊಳಗೆ ಒಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಇನ್ನೂ ಮೂರು ಗ್ರಂಥಾಲಯಗಳಿಗೂ ಕಳಿಸಬೇಕು ಅಂತ 1954ರ ಕಾಯ್ದೆ ಹೇಳುತ್ತದೆ. ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗಕ್ಕೂ ಕೊಡಿ.

ಹಂತ 7: ಮಾರಾಟ

ಮುಂಗಡ ಬುಕಿಂಗ್‌ನಿಂದ ಶುರು ಮಾಡಿ. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ 150 ಪ್ರತಿಗೆ ಹಣ ಬಂದಿದ್ದರೆ ಧೈರ್ಯ ಬರುತ್ತದೆ. ಹಣ ಕೊಟ್ಟವರ ಹೆಸರು, ವಿಳಾಸ, ಪಿನ್‌ಕೋಡ್ ಒಂದೇ ನೋಟ್‌ಬುಕ್ಕಿನಲ್ಲಿ ಇರಲಿ. ಇಬ್ಬರ ವಾಟ್ಸ್‌ಆ್ಯಪ್‌ಗೆ ಹಂಚಿಹೋದರೆ ಕೆಲವರಿಗೆ ಎರಡು ಪ್ರತಿ ಹೋಗುತ್ತದೆ, ಕೆಲವರಿಗೆ ಒಂದೂ ಹೋಗುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಪುಸ್ತಕ ಕೊಳ್ಳುವವರು ಮುಖ್ಯವಾಗಿ ಶಿಕ್ಷಕರು. ತಾಲ್ಲೂಕಿಗೆ ಒಬ್ಬ ಮೇಷ್ಟ್ರೋ ಮೇಡಮ್ಮೋ ಜವಾಬ್ದಾರಿ ತೆಗೆದುಕೊಂಡರೆ ಇಪ್ಪತ್ತು ಮೂವತ್ತು ಪ್ರತಿ ಸಲೀಸಾಗಿ ಹೋಗುತ್ತದೆ. ಮದುವೆ, ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಪುಸ್ತಕ ಕೊಡುವವರು ಈಗ ಇದ್ದಾರೆ. ಅಂಥ ಒಂದು ಮನೆ ಸಿಕ್ಕರೆ ನೂರು ಪ್ರತಿ ಒಂದೇ ಸಲಕ್ಕೆ ಖರ್ಚು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ, ಅಲ್ಲಿನ ವಸ್ತುಪ್ರದರ್ಶನಕ್ಕೆ ಎಲ್ಲ ಕಡೆಯ ಜನ ಬರುತ್ತಾರೆ. ಅನುಮತಿ ಕೇಳಿ ಒಂದು ಮೇಜು ಹಾಕಿ. ಕೋಲಾರದವರಾದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಗೆ ಸೇರುತ್ತಾ ಬಂದವರು ಕಥೆ ಕೇಳುವ ಮನಸ್ಸಿನವರೇ, ಅವರನ್ನು ಮಾತಾಡಿಸಿ.

ಬಿಡುಗಡೆ ಸಮಾರಂಭದಲ್ಲಿ ಹಾರ, ತುರಾಯಿ, ಶಾಲು, ಊಟ ಯಾವುದೂ ಬೇಡ. ಒಂದು ಸಭಾಂಗಣದ ಬಾಡಿಗೆ, ಊಟದ ಖರ್ಚು ಸೇರಿದರೆ ನೂರು ಪುಸ್ತಕದ ಹಣ ಹೋಯಿತು. ಕಾಲೇಜಿನ ಒಂದು ಕೊಠಡಿ ಕೇಳಿ. ಭಾಷಣ ಇಬ್ಬರಿಗೆ ಸಾಕು. ಉಳಿದ ಹೊತ್ತಿನಲ್ಲಿ ಕಥೆಗಾರರು ತಮ್ಮ ಕಥೆಯಿಂದ ಒಂದೊಂದು ಪುಟ ಓದಲಿ, ಕಥೆ ಕೇಳಿದವರು ಪುಸ್ತಕ ಕೊಳ್ಳುತ್ತಾರೆ.

ಅಂಚೆಗೆ ಜ್ಞಾನ ಪೋಸ್ಟ್ ನೋಡಿ. ಪುಸ್ತಕಗಳಿಗಾಗಿಯೇ ಅಂಚೆ ಇಲಾಖೆ 2025ರ ಮೇ 1ರಿಂದ ಶುರು ಮಾಡಿದ ಸೇವೆ ಇದು. 300 ಗ್ರಾಂವರೆಗೆ 20 ರೂಪಾಯಿಯಿಂದ ಶುರು, 5 ಕೆ.ಜಿ.ಗೆ 100, ತೆರಿಗೆ ಬೇರೆ. ಮೇಲೆ ಹೇಳಿದ 128 ಪುಟದ ಪುಸ್ತಕ ಸುಮಾರು 150-160 ಗ್ರಾಂ ತೂಗುತ್ತದೆ, ಲಕೋಟೆ ಸೇರಿದರೂ ಮೊದಲ ದರದಲ್ಲೇ ಹೋಗುತ್ತದೆ. ಎರಡು ಷರತ್ತು ನೆನಪಿಡಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ಜಾಹೀರಾತು ಇರಬಾರದು. ಹಾಗಾಗಿ ಖರ್ಚು ಕೊಟ್ಟ ದಾನಿಗಳ ಅಂಗಡಿಯ ಜಾಹೀರಾತನ್ನು ಹಿಂಬದಿಯಲ್ಲಿ ಹಾಕುವ ಬದಲು ಒಳಗೆ ಕೃತಜ್ಞತೆ ಅಂತ ಅವರ ಹೆಸರಷ್ಟೇ ಹಾಕಿ. ಅಂಚೆ ವೆಚ್ಚವನ್ನು ಬೆಲೆಯ ಮೇಲೆ ಬೇರೆಯಾಗಿ ಕೇಳಿ.

ಪುಸ್ತಕದಂಗಡಿಗಳು ಮಾರಿದ ಮೇಲೆ ಹಣ ಕೊಡುತ್ತವೆ, ತಿಂಗಳುಗಟ್ಟಲೆ ಆಗಬಹುದು. ಕೊಟ್ಟ ಪ್ರತಿಗಳಿಗೆ ಸಹಿ ಹಾಕಿದ ಚೀಟಿ ಪಡೆಯದೆ ಒಂದು ಪ್ರತಿಯನ್ನೂ ಇಡಬೇಡಿ. ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಿ, ಆದರೆ ಆ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಿಡಿಎಫ್ ಮಾರುವ ಯೋಚನೆಯನ್ನೇ ಬಿಡಿ. ಒಬ್ಬರಿಗೆ ಕಳಿಸಿದರೆ ಸಂಜೆಗೆ ಎಲ್ಲ ಗುಂಪಿನಲ್ಲೂ ಇರುತ್ತದೆ.

ಹಂತ 8: ಹಣ ಕೊಡುವುದು, ಲೆಕ್ಕ ಒಪ್ಪಿಸುವುದು

ಎಲ್ಲ ಮಾರಿ ಮುಗಿಯಲಿ ಅಂತ ಕಾಯಬೇಡಿ. ಮುಂಗಡದ ಹಣ, ಬಿಡುಗಡೆಯ ದಿನದ ಹಣ ಸೇರಿಸಿ ಮೊದಲ ಕಂತು ಆ ವಾರವೇ ಕಳಿಸಿ. ಎರಡನೆಯದು ಮಾರಾಟ ಮುಗಿಸುವ ತಾರೀಖಿಗೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ, ನಗದು ಬೇಡ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಚೆಕ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಫೋಟೋ ರಸೀದಿ ಅಲ್ಲ. ರಸೀದಿ ಕೇಳಿ ಪಡೆಯಿರಿ.

ಲೆಕ್ಕ ಒಂದೇ ಪುಟದಲ್ಲಿ ಇರಲಿ. ಅಚ್ಚಾದ ಪ್ರತಿ, ನೇರವಾಗಿ ಮಾರಿದ್ದು, ಅಂಗಡಿಯಲ್ಲಿ ಮಾರಿದ್ದು, ಗ್ರಂಥಾಲಯಕ್ಕೆ ಹೋದದ್ದು, ಉಳಿದದ್ದು. ಮುದ್ರಣಕ್ಕೆ ಬಂದ ದೇಣಿಗೆ, ಖರ್ಚು. ಮಾರಾಟದಿಂದ ಬಂದ ಹಣ, ಕಳಿಸಿದ ಹಣ, ತಾರೀಖು, ಯುಟಿಆರ್ (ಬ್ಯಾಂಕ್ ವರ್ಗಾವಣೆಗೆ ಸಿಗುವ ಗುರುತಿನ ಸಂಖ್ಯೆ). ಅಂಗಡಿಗಳಿಂದ ಬರಬೇಕಾದ ಬಾಕಿಯನ್ನೂ ಮುಚ್ಚಿಡದೆ ತೋರಿಸಿ. ಮೊತ್ತ ಸಣ್ಣದಾಗಿದ್ದರೂ ಹಾಗೇ ಬರೆಯಿರಿ. ಈ ಪುಟವನ್ನು ಸಂಘದ ಆಡಿಟರ್‌ಗೆ ತೋರಿಸಿ ಸಹಿ ಹಾಕಿಸಿ, ಮುಂಗಡ ಕೊಟ್ಟ ಎಲ್ಲರಿಗೂ ಕಳಿಸಿ. ಬೇರೆಯವರ ಫೋನ್ ಸಂಖ್ಯೆ, ವಿಳಾಸ ಅದರಲ್ಲಿ ಇರದಂತೆ ನೋಡಿಕೊಳ್ಳಿ.

ಉಳಿದ ಪ್ರತಿಗಳನ್ನು ಅರ್ಧ ಬೆಲೆಗೆ ಮಾರುವುದಾದರೆ ಅದನ್ನೂ ಲೆಕ್ಕದಲ್ಲಿ ತೋರಿಸಿ. ಇಲ್ಲವೇ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಗಡಿಗಳ ಕೊನೆಯ ಬಾಕಿ ಬಂದ ಮೇಲೆ ಅದನ್ನೂ ಕಳಿಸಿ ಖಾತೆ ಮುಚ್ಚಿಸಿ, ಬ್ಯಾಂಕಿನ ಮುಕ್ತಾಯ ಪತ್ರವನ್ನು ನಡವಳಿ ಪುಸ್ತಕಕ್ಕೆ ಅಂಟಿಸಿ. ಒಪ್ಪಿಗೆಯ ಅವಧಿ ಮುಗಿಯುವ ದಿನ ಹನ್ನೆರಡೂ ಕಥೆಗಾರರಿಗೆ ಒಂದು ಸಣ್ಣ ಪತ್ರ ಹೋಗಬೇಕು. ಕಥೆಯ ಹಕ್ಕು ಪೂರ್ತಿ ನಿಮ್ಮದು, ಲೆಕ್ಕದ ಪ್ರತಿ ಜೊತೆಗಿದೆ ಅಂತ.